ಬಿಚ್ಚಿ ನೋಡದೆ ಬದಲಿಸುವ ವಿದ್ಯೆ

ನಾಡಿ ಹಿಡಿಯದೆ ಔಷಧ ಬರೆಯುವ ವೈದ್ಯನನ್ನು ನಾವು ಕ್ಷಮಿಸುವುದಿಲ್ಲ. ಉತ್ತರಪತ್ರಿಕೆಯನ್ನು ತಿರುವಿ ನೋಡದೆ ಅಂಕ ಹಾಕುವ ಮೇಷ್ಟರನ್ನು ಕ್ಷಮಿಸಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಚಕ್ರವನ್ನು ನೆಲದಿಂದ ಒಂದಂಗುಲವೂ ಎತ್ತಿ ನೋಡದೆ, "ಎರಡೂ ಆಕ್ಸಲ್ ಹೋಗಿವೆ ಸಾರ್, ಪೂರ್ತಿ ಸೆಟ್ ಬದಲಿಸಬೇಕು" ಎಂದು ಹೇಳುವ ಸರ್ವಿಸ್ ಸಲಹೆಗಾರನ ಎದುರು ಮಾತ್ರ ಎಂ.ಎಸ್ಸಿ. ಓದಿದವರೂ, ಎಂಜಿನಿಯರುಗಳೂ, ಬ್ಯಾಂಕಿನ ಮ್ಯಾನೇಜರುಗಳೂ ತಲೆಯಾಡಿಸಿ ಸಹಿ ಹಾಕಿಬಿಡುತ್ತಾರೆ. ಏಕೆ, ಹೇಗೆ, ಯಾವ ಕಡೆಯದು ಎಂಬ ಮೂರು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಈ ತಲೆಯಾಡಿಸುವಿಕೆಯ ವಿರುದ್ಧವೇ ಇಂದಿನ ನನ್ನ ಬರಹ. ಸ್ವಲ್ಪ ಖಾರವಾಗಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳು ಆಶ್ಚರ್ಯಪಡುವುದಿಲ್ಲವೆಂದು ಬಲ್ಲೆ, ಬಂಧುಗಳು ಮನ್ನಿಸಬೇಕು.

ನನ್ನ ಕೋಪಕ್ಕೆ ಹಿನ್ನೆಲೆಯಿದೆ. 2008ರಲ್ಲಿ ಕೊಂಡ ನನ್ನ ವ್ಯಾಗನ್ ಆರ್ ನಿಮ್ಮಲ್ಲಿ ಅನೇಕರಿಗೆ ಪರಿಚಿತವೇ. ಅದರ ಹಿಂದಿನ ಸೀಟಿನಲ್ಲಿ ಥರ್ಮೋಕೋಲ್ ಮಾದರಿಗಳನ್ನು ಮಡಿಲಲ್ಲಿಟ್ಟುಕೊಂಡು ಜಿಲ್ಲಾ ವಿಜ್ಞಾನ ಪ್ರದರ್ಶನಕ್ಕೆ ಹೋದವರೂ ಇದ್ದೀರಿ. ಹದಿನೈದು ವರ್ಷ ತುಂಬಿದಾಗ ನೋಂದಣಿಯನ್ನು ನವೀಕರಿಸಿಕೊಂಡು ಇಂದಿಗೂ ಅದನ್ನೇ ಓಡಿಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಆಚೆಯ ತೋಟದ ದಾರಿಗಳಲ್ಲಿ ಹಲವು ಸಲ ಹೋಗಿಬಂದ ಮೇಲೆ, ಮನೆಯ ಗೇಟಿನೊಳಗೆ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸುವಾಗ ಎಡಗಡೆಯ ಮುಂಚಕ್ರದಿಂದ 'ಕಟ್ ಕಟ್ ಕಟ್' ಎಂಬ ಶಬ್ದ ಕೇಳಿಸತೊಡಗಿತು. ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆ. ಹೆಸರು ಬೇಡ, ಅಂಥವು ಊರಿಗೆ ಹತ್ತಿವೆ. ಟೈ ಕಟ್ಟಿದ್ದ ಯುವಕನೊಬ್ಬ ನನ್ನ ಮಾತನ್ನು ಅರ್ಧ ಕೇಳಿ, ಕೈಯಲ್ಲಿದ್ದ ಫಲಕದ ಮೇಲೆ ಬೆರಳಾಡಿಸಿ, 21,400 ರೂಪಾಯಿಗಳ ಅಂದಾಜುಪಟ್ಟಿಯನ್ನು ತೋರಿಸಿದ. ಎರಡು ಆಕ್ಸಲ್, ಎರಡು ಹಬ್ ಬೇರಿಂಗ್, ಎರಡು ಲೋವರ್ ಆರ್ಮ್, ಮೇಲೆ ಅಲೈನ್‌ಮೆಂಟು. "ಯಾವ ಕಡೆಯ ಜಾಯಿಂಟ್ ಹೋಗಿದೆಯಪ್ಪಾ? ಒಳಗಿನದೋ ಹೊರಗಿನದೋ?" ಎಂದು ಕೇಳಿದೆ. "ಸಿಸ್ಟಮ್‌ನಲ್ಲಿ ಹೀಗೇ ಬರುತ್ತೆ ಅಂಕಲ್" ಎಂದ. ಅಷ್ಟು ಹೊತ್ತೂ ನನ್ನ ಕಾರು ನಿಲ್ಲಿಸಿದ ಜಾಗದಿಂದ ಅಲುಗಿರಲಿಲ್ಲ. ಅವನು ಅದರ ಬಳಿಗೂ ಬಂದಿರಲಿಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಅಷ್ಟನ್ನೇ ಕಲಿಸಿದ್ದಾರೆ. ಸಿಟ್ಟಿರುವುದು ಆ ಕಲಿಕೆಯ ಮೇಲೆ. ಅದನ್ನು ವಿವರಿಸಬೇಕಾದರೆ ಮೊದಲು ಆ ಕೀಲಿನ ಕಥೆಯನ್ನೇ ಹೇಳಬೇಕಾಗುತ್ತದೆ.

ಸಿವಿ ಜಾಯಿಂಟ್ ಎಂದರೆ ಕಾನ್‌ಸ್ಟಂಟ್ ವೆಲಾಸಿಟಿ ಜಾಯಿಂಟ್; ಕನ್ನಡದಲ್ಲಿ ಸಮವೇಗದ ಕೀಲು ಎನ್ನೋಣ. ಮುಂಚಕ್ರಗಳಿಗೆ ಶಕ್ತಿ ಹರಿಯುವ ಕಾರಿನಲ್ಲಿ ಒಂದು ವಿಚಿತ್ರ ಬೇಡಿಕೆಯಿದೆ. ಅದೇ ಚಕ್ರ ತಿರುಗಬೇಕು, ಅದೇ ಚಕ್ರ ಎಡಬಲಕ್ಕೆ ಹೊರಳಬೇಕು, ಅದೇ ಚಕ್ರ ಹೊಂಡ ಬಿದ್ದಲ್ಲಿ ಮೇಲೆ ಕೆಳಗೆ ಏರಿಳಿಯಬೇಕು. ಗೇರ್‌ಪೆಟ್ಟಿಗೆಯಿಂದ ಹೊರಟ ದಂಡಕ್ಕೂ ಚಕ್ರಕ್ಕೂ ನಡುವೆ ಕೋನ ಉಂಟಾಗುವುದು ಅನಿವಾರ್ಯ. ಕೋನವಿದ್ದರೂ ತಿರುಗುವಿಕೆಯನ್ನು ದಾಟಿಸುವ ಕೀಲು ಹಿಂದಿನಿಂದಲೂ ಇತ್ತು. ಸ್ಪ್ರಿಂಗಿನ ನಿಯಮದಿಂದ ನಿಮಗೆ ಗೊತ್ತಿರುವ 17ನೆಯ ಶತಮಾನದ ಅದೇ ರಾಬರ್ಟ್ ಹುಕ್ ಹೆಸರಿನಲ್ಲಿ ಅದು ಪ್ರಸಿದ್ಧ. ಅಂಬಾಸಿಡರ್, ಪದ್ಮಿನಿ ಕಾರುಗಳ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಇದ್ದದ್ದು ಅದೇ. ಮೆಕ್ಯಾನಿಕ್ಕುಗಳು ಅದನ್ನು 'ಕ್ರಾಸ್' ಎನ್ನುತ್ತಿದ್ದರು. ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದೆ ರೋಟವೇಟರ್ ತಿರುಗಿಸುವ ದಂಡದಲ್ಲಿ ಇಂದಿಗೂ ಇರುವುದು ಅದೇ.

ಹುಕ್ ಕೀಲಿನ ದೋಷವೊಂದಿದೆ. ಒಳಬರುವ ದಂಡ ಒಂದೇ ವೇಗದಲ್ಲಿ ತಿರುಗಿದರೂ, ಕೋನವಿದ್ದಾಗ ಹೊರಹೋಗುವ ದಂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೆ ಎರಡು ಬಾರಿ ಮುನ್ನುಗ್ಗುತ್ತದೆ, ಎರಡು ಬಾರಿ ಹಿಂಜರಿಯುತ್ತದೆ. ಕೋನದ ಕೊಸೈನಿನಷ್ಟಕ್ಕೆ ಇಳಿದು, ಒಂದನ್ನು ಆ ಕೊಸೈನಿನಿಂದ ಭಾಗಿಸಿದಷ್ಟಕ್ಕೆ ಏರುತ್ತದೆ. ಲೆಕ್ಕ ಮಾಡಿ ನೋಡಿ: ಕೋನ 10 ಡಿಗ್ರಿ ಇದ್ದರೆ ಏರಿಳಿತ ಶೇಕಡಾ ಒಂದೂವರೆಯಷ್ಟು, ಗೊತ್ತೇ ಆಗದು. 30 ಡಿಗ್ರಿಯಾದರೆ ನಿಮಿಷಕ್ಕೆ 600 ಸುತ್ತು ಒಳಬಂದಲ್ಲಿ ಹೊರಗಡೆ 520ಕ್ಕೂ 693ಕ್ಕೂ ನಡುವೆ ಜೋಲಿ ಹೊಡೆಯುತ್ತದೆ. ತಿರುಗುತ್ತಿರುವ ರೋಟವೇಟರನ್ನು ಮೇಲೆತ್ತಿದಾಗ ದಂಡ ಗಡಗಡಿಸುವುದನ್ನು ಕಂಡ ರೈತರ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿವರ್ಷವೂ ಇರುತ್ತಿದ್ದರು. ತ್ರಿಕೋನಮಿತಿ ಏತಕ್ಕೆ ಸಾರ್ ಎಂದು ಕೇಳಿದವರಿಗೆ ನಾನು ಕೊಡುತ್ತಿದ್ದ ಉತ್ತರ ಅದೇ ಗಡಗಡ. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಎರಡು ಕ್ರಾಸುಗಳನ್ನು ಒಂದರ ತಪ್ಪನ್ನು ಇನ್ನೊಂದು ಸರಿದೂಗಿಸುವಂತೆ ಜೋಡಿಸಿ ಪಾರಾಗಬಹುದು. ಆದರೆ ಪೂರ್ತಿ ಹೊರಳಿದ ಮುಂಚಕ್ರದಲ್ಲಿ ಆ ಉಪಾಯ ನಡೆಯದು. ಸ್ಟಿಯರಿಂಗ್ ಕೈಯಲ್ಲಿ ಕುಣಿಯುತ್ತದೆ.

ಈ ತೊಡಕನ್ನು ಬಿಡಿಸಲು 1920ರ ದಶಕದಲ್ಲಿ ಬುದ್ಧಿವಂತರು ತಲೆ ಕೆಡಿಸಿಕೊಂಡರು. ಫ್ರಾನ್ಸಿನಲ್ಲಿ ಟ್ರ್ಯಾಕ್ಟಾ ಎಂಬ ಕೀಲು ಹುಟ್ಟಿತು. ಅಮೆರಿಕೆಯ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್ಫ್ರೆಡ್ ರೆಪ್ಪಾ ಗುಂಡುಗಳ ಕೀಲನ್ನು ರೂಪಿಸಿದ. ಇಂದು ಬಹುತೇಕ ಸಣ್ಣ ಕಾರುಗಳ ಚಕ್ರದ ಬದಿಯಲ್ಲಿರುವುದು ಈ ರೆಪ್ಪಾ ಕೀಲೇ. ಒಳಗೊಂದು ನಕ್ಷತ್ರದಂಥ ತಿರುಳು, ಹೊರಗೊಂದು ಗಂಟೆಯಂಥ ಬಟ್ಟಲು, ಎರಡರಲ್ಲೂ ಬಾಗಿದ ಆರು ಕಾಲುವೆಗಳು, ಕಾಲುವೆಗಳಲ್ಲಿ ಆರು ಉಕ್ಕಿನ ಗುಂಡುಗಳು, ಅವುಗಳನ್ನು ಹಿಡಿದಿಡುವ ಒಂದು ಪಂಜರ. ಎರಡು ದಂಡಗಳ ನಡುವಿನ ಕೋನ ಎಷ್ಟೇ ಇರಲಿ, ಆ ಕೋನವನ್ನು ಸರಿಯಾಗಿ ಅರ್ಧಿಸುವ ಸಮತಲದಲ್ಲಿಯೇ ಆರೂ ಗುಂಡುಗಳು ನಿಲ್ಲುವಂತೆ ಪಂಜರವು ನೋಡಿಕೊಳ್ಳುತ್ತದೆ. ಎರಡೂ ಬದಿಗೆ ಒಂದೇ ದೂರ, ಆದ್ದರಿಂದ ಎರಡೂ ಬದಿಗೆ ಒಂದೇ ವೇಗ. ಹತ್ತನೆಯ ತರಗತಿಯ ರೇಖಾಗಣಿತಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ. ಆದರೂ ನೋಡಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. 1959ರ ಬ್ರಿಟಿಷ್ ಮಿನಿ ಕಾರು ಈ ಕೀಲನ್ನು ಸಾಮಾನ್ಯರ ಮನೆಗೆ ತಂದಿತು. ನಮ್ಮಲ್ಲಿ 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಆ ಕೆಲಸ ಮಾಡಿತು.

ಈಗ ಸವೆತದ ಮಾತು. ಸಣ್ಣ ಕಾರಿನ ಚಕ್ರದ ಸುತ್ತಳತೆ ಸುಮಾರು ಒಂದು ಮುಕ್ಕಾಲು ಮೀಟರು. ಒಂದು ಕಿಲೋಮೀಟರಿಗೆ 570 ಸುತ್ತು. 80,000 ಕಿಲೋಮೀಟರಿಗೆ ನಾಲ್ಕೂವರೆ ಕೋಟಿ ಸುತ್ತು. ಅಷ್ಟು ಸುತ್ತಿದರೂ ಈ ಕೀಲು ಸಾಮಾನ್ಯವಾಗಿ ತಾನಾಗಿ ಸಾಯುವುದಿಲ್ಲ. ಅದನ್ನು ಕೊಲ್ಲುವುದು ಅದರ ಮೇಲೆ ಹೊದಿಸಿದ ರಬ್ಬರಿನ ಬೂಟು. ಕೊಳಲಿನ ಚೀಲದಂತೆ ಮಡಿಕೆಮಡಿಕೆಯಾಗಿರುವ ಆ ಬೂಟು ಹರಿದರೆ, ಅಥವಾ ಅದರ ಪಟ್ಟಿ ಸಡಿಲವಾದರೆ, ಒಳಗಿನ ಕಪ್ಪು ಗ್ರೀಸು ಸುತ್ತುವ ರಭಸಕ್ಕೆ ಹೊರಗೆ ಎರಚಿಹೋಗುತ್ತದೆ. ಹೊರಗಿನ ನೀರೂ ನಮ್ಮ ಕೆಮ್ಮಣ್ಣಿನ ಧೂಳೂ ಒಳಗೆ ಹೋಗುತ್ತವೆ. ಗ್ರೀಸು ಹೋಗಿ ಮರಳು ಬಂದ ಮೇಲೆ ಅದು ಕೀಲಲ್ಲ, ಅರೆಯುವ ಕಲ್ಲು. ಕಾಲುವೆಗಳ ಗೋಡೆಯಲ್ಲಿ ಗುಳಿಗಳು ಬೀಳುತ್ತವೆ. ಕೋನ ಹೆಚ್ಚಿದಾಗ ಗುಂಡು ಆ ಗುಳಿಗೆ ಜಾರಿ ಹೊರಬರುವ ಸದ್ದೇ ನಮಗೆ ಕೇಳುವ 'ಕಟ್ ಕಟ್'.

ಆದಕಾರಣ ಪೂರ್ತಿ ಆಕ್ಸಲ್ ಮಾರುವವರಿಗೆ ನನ್ನ ಮೊದಲ ಆಕ್ಷೇಪಣೆ ಇದು: ಸರ್ವಿಸ್ಸಿಗೆಂದು ಕಾರು ಬಂದಾಗಲೆಲ್ಲ ಟಾರ್ಚು ಹಾಕಿ ಆ ಬೂಟನ್ನು ನೋಡಿದ್ದರೆ, ಕೆಲವು ನೂರು ರೂಪಾಯಿಗಳ ರಬ್ಬರಿನಲ್ಲಿ ಮುಗಿಯುತ್ತಿದ್ದ ಕೆಲಸವಲ್ಲವೆ ಅದು? ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಚಕ್ರದ ಹಿಂದೆ ಬಗ್ಗಿದರೆ ಮಡಿಕೆಗಳು ತೆರೆದುಕೊಳ್ಳುತ್ತವೆ. ಚಕ್ರದ ಒಳಮೈಯಲ್ಲಿ ಗ್ರೀಸಿನ ಉಂಗುರ ಕಂಡರೆ ಬೂಟು ಹರಿದಿದೆಯೆಂದೇ ಅರ್ಥ. ಅರ್ಧ ನಿಮಿಷದ ಕೆಲಸ. ಕಾರು ತೊಳೆದು ಸುಗಂಧ ಸಿಂಪಡಿಸಲು ಅವರಿಗೆ ಸಮಯವಿದೆ, ಇದಕ್ಕಿಲ್ಲ.

ಇನ್ನು ರೋಗನಿರ್ಣಯ. ಇದರಲ್ಲಿಯೇ ನನ್ನ ವಾದದ ಜೀವವಿದೆ.

ದೊಡ್ಡ ಗ್ಯಾರೇಜಿನಿಂದ ಹೊರಬಂದವನು ನಮ್ಮ ಬಸ್ ನಿಲ್ದಾಣದ ಹಿಂದಿರುವ ಹಳೆಯ ಗ್ಯಾರೇಜಿನ ಹಿರಿಯರ ಬಳಿಗೆ ಹೋದೆ. ಅವರು ಏಳನೆಯ ತರಗತಿಯನ್ನೂ ಮುಗಿಸಿದವರಲ್ಲ. ಅವರ ಮಗ ನನ್ನ ವಿದ್ಯಾರ್ಥಿಯಾಗಿದ್ದವನು. ಅವರು ಮಾಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ. ಮೊದಲು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಸಂತೆಮೈದಾನಕ್ಕೆ ಕಾರನ್ನು ಒಯ್ದರು. ಮಗನನ್ನು ಹೊರಗೆ ನಿಲ್ಲಿಸಿದರು. ಮೊದಲನೆಯ ಗೇರಿನಲ್ಲಿ, ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನವಾಗಿ ಒಂದು ಸುತ್ತು. ಮಗ ಕಾರಿನ ಜೊತೆಜೊತೆಗೆ ನಡೆಯುತ್ತ ಕಿವಿಗೊಟ್ಟ. ಅನಂತರ ಎಡಕ್ಕೆ ಒಂದು ಸುತ್ತು. ಅನಂತರ ಅದೇ ಎರಡು ಸುತ್ತು ಹಿಮ್ಮುಖವಾಗಿ. ಬಲಕ್ಕೆ ತಿರುಗುವಾಗ ಹೊರಬದಿಯ ಎಡಚಕ್ರದ ಮೇಲೆ ಭಾರ ಹೆಚ್ಚು, ಎಡಕ್ಕೆ ತಿರುಗುವಾಗ ಬಲಚಕ್ರದ ಮೇಲೆ. ಆದ್ದರಿಂದ ಶಬ್ದ ಒಂದು ಕಡೆಗೆ ಜೋರಾದರೆ ಎದುರು ಬದಿಯ ಕೀಲನ್ನು ಅನುಮಾನಿಸುವುದು ವಾಡಿಕೆ. ಆದರೆ ವಾಡಿಕೆಯನ್ನು ನಂಬದೆ ಹೊರಗೊಬ್ಬನನ್ನು ನಡೆಸಿದರು ನೋಡಿ, ಅದು ನನಗೆ ಹಿಡಿಸಿತು. ಕಾರಿನ ಒಳಗೆ ಕುಳಿತವನ ಕಿವಿ ದಿಕ್ಕಿನ ವಿಷಯದಲ್ಲಿ ಮೋಸ ಹೋಗುತ್ತದೆ. ಲೋಹದ ಮೈಯೆಲ್ಲ ಶಬ್ದವನ್ನು ಒಯ್ಯುತ್ತದೆ.

ಆಮೇಲೆ ಶಬ್ದ ಬರುತ್ತಿರುವಾಗಲೇ ಕ್ಲಚ್ಚನ್ನು ಒತ್ತಿದರು. ಕಾರು ಅದೇ ವೇಗದಲ್ಲಿ ತೇಲುತ್ತಿತ್ತು, ಅದೇ ತಿರುವು, ಅದೇ ನೆಲ. ಎಂಜಿನ್ನಿನ ಎಳೆತ ಮಾತ್ರ ನಿಂತಿತು. ಶಬ್ದ ಬಹುಮಟ್ಟಿಗೆ ಅಡಗಿತು. ಕ್ಲಚ್ ಬಿಟ್ಟರು, ಮತ್ತೆ ಬಂತು. "ಬೇರಿಂಗ್ ಆಗಿದ್ರೆ ಕ್ಲಚ್ ಒತ್ತಿದ್ರೂ ಅಳ್ತಾನೇ ಇರ್ತಿತ್ತು ಮೇಷ್ಟ್ರೆ" ಎಂದರು.

ವಿದ್ಯಾರ್ಥಿಮಿತ್ರರೇ, ಇದೇನೆಂದು ಗುರುತಿಸಿದಿರಾ? ಉಳಿದೆಲ್ಲ ಅಂಶಗಳನ್ನು ಹಾಗೆಯೇ ಇರಿಸಿ ಒಂದೇ ಒಂದನ್ನು ಬದಲಿಸಿ ಫಲಿತಾಂಶವನ್ನು ನೋಡುವುದು. ಪ್ರಯೋಗಪುಸ್ತಕದಲ್ಲಿ 'ಉದ್ದೇಶ, ಸಾಮಗ್ರಿಗಳು, ವಿಧಾನ, ವೀಕ್ಷಣೆ, ತೀರ್ಮಾನ' ಎಂದು ಗೆರೆ ಎಳೆದು ಬರೆಯುತ್ತಿದ್ದೆವಲ್ಲ, ಅದೆಲ್ಲ ಇಲ್ಲಿದೆ, ಗೆರೆಯೊಂದನ್ನು ಬಿಟ್ಟು. ಬಿ.ಎಡ್. ಓದುವಾಗ ನನಗೆ ವೈಜ್ಞಾನಿಕ ಮನೋಭಾವದ ಮೇಲೆ ಟಿಪ್ಪಣಿ ಬರೆಯಿರಿ ಎಂಬ ಪ್ರಶ್ನೆ ಬಂದಿತ್ತು. ಈ ಹಿರಿಯರ ಎಡಗಾಲು ಅದಕ್ಕೆ ನಾನು ಬರೆದ ಎರಡು ಪುಟಗಳಿಗಿಂತ ಚೆನ್ನಾದ ಉತ್ತರ.

ಗ್ಯಾರೇಜಿಗೆ ಮರಳಿದ ಮೇಲೆ ಮುಂಭಾಗವನ್ನು ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿದರು. ಚಕ್ರದ ಮೇಲೂ ಕೆಳಗೂ ಕೈಯಿಟ್ಟು ಅಲುಗಿಸಿದರು: ಅಲ್ಲಾಟವಿದ್ದರೆ ಹಬ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡಕ್ಕೂ ಬಲಕ್ಕೂ ಕೈಯಿಟ್ಟು ಅಲುಗಿಸಿದರು: ಅಲ್ಲಾಟವಿದ್ದರೆ ಸ್ಟಿಯರಿಂಗಿನ ಟೈರಾಡ್. ಚಕ್ರವನ್ನು ತಿರುಗಿಸಿ ಸ್ಪ್ರಿಂಗಿನ ಮೇಲೆ ಅಂಗೈ ಇಟ್ಟು ಒರಟುತನವೇನಾದರೂ ಇದೆಯೇ ಎಂದು ನೋಡಿದರು. ಲೋವರ್ ಆರ್ಮಿನ ಕೆಳಗೆ ಸರಳು ಹಾಕಿ ಮೀಟಿದರು. ಎಲ್ಲವೂ ಬಿಗಿ. ಕೊನೆಗೆ ಚಕ್ರವನ್ನು ಹಿಡಿದು ದಂಡವನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. ಎಡಬದಿಯ ಹೊರಗೀಲಿನಲ್ಲಿ 'ಟಕ್' ಎಂಬ ಸಡಿಲ. ಅಲ್ಲಿಗೇ ನಿಲ್ಲದೆ ಬಲಬದಿಗೂ ಹೋಗಿ ಅದನ್ನೇ ಮಾಡಿ ಹೋಲಿಸಿದರು, ಏಕೆಂದರೆ ಗೇರುಗಳ ನಡುವೆ ಸಹಜವಾಗಿಯೇ ಸ್ವಲ್ಪ ಸಡಿಲವಿರುತ್ತದೆ. ಒಳಗೀಲು ಕೆಟ್ಟಿದ್ದರೆ ಲಕ್ಷಣವೇ ಬೇರೆ, ತಿರುವಿನಲ್ಲಲ್ಲ, ನೇರದಾರಿಯಲ್ಲಿ ವೇಗ ಹೆಚ್ಚಿಸುವಾಗ ಕಾರು ನಡುಗುತ್ತದೆ ಎಂದೂ ಹೇಳಿದರು.

ತೀರ್ಮಾನ: ಎಡಬದಿಯ ಹೊರಗೀಲು ಒಂದೇ. 21,400 ರೂಪಾಯಿಗಳ ಪಟ್ಟಿಯಲ್ಲಿದ್ದ ಎರಡು ಬೇರಿಂಗು, ಎರಡು ಆರ್ಮು, ಬಲಗಡೆಯ ಆಕ್ಸಲ್ ಇವೆಲ್ಲ ನಿರಪರಾಧಿಗಳು. ಈ ಇಡೀ ವಿಚಾರಣೆಗೆ ನಲವತ್ತು ನಿಮಿಷ ಹಿಡಿಯಿತು.

"ಹಣ ಉಳಿಯಿತು, ಅಷ್ಟೇ ತಾನೆ ಮಾವ? ಅದಕ್ಕೆ ಇಷ್ಟು ಉದ್ದದ ಹರಿಕಥೆಯೇ?" ಎಂದು ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಫೋನಿನಲ್ಲಿ ನಕ್ಕ. ಹಣ ಮಾತ್ರವಲ್ಲ. ನಮ್ಮ ಬಂಧುಗಳಲ್ಲಿಯೇ ಒಬ್ಬರ ಕಾರಿನಲ್ಲಿ ತಿರುವಿನಲ್ಲೂ ಹೊಂಡದಲ್ಲೂ 'ಕಟಕ್' ಎನ್ನುತ್ತಿತ್ತು. 'ಸಿವಿ ಜಾಯಿಂಟ್' ಎಂದು ಹೇಳಿ ಆಕ್ಸಲ್ ಬದಲಿಸಿದರು. ಶಬ್ದ ನಿಲ್ಲಲಿಲ್ಲ. ಇನ್ನೊಂದು ಬದಿಯದನ್ನೂ ಬದಲಿಸಿದರು. ಹೊಂಡದಲ್ಲಿ ಬರುವ ಶಬ್ದವು ಈ ಕೀಲಿನದಾಗಿರುವ ಸಂಭವ ಕಡಿಮೆ, ಅದು ಬಾಲ್ ಜಾಯಿಂಟಿನದೋ ಆರ್ಮಿನ ಬುಷ್‌ನದೋ ಆಗಿರಬಹುದು ಎಂದು ಎರಡು ಸಲವೂ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಯಾರೂ ಸರಳು ಹಾಕಿ ಮೀಟಲಿಲ್ಲ. ಕೊನೆಗೊಂದು ದಿನ ಕಲ್ಯಾಣಮಂಟಪದ ಎದುರು ಕಾರನ್ನು ಹಿಂದಕ್ಕೆ ತೆಗೆಯುವಾಗ ಕೆಳಗಿನ ಬಾಲ್ ಜಾಯಿಂಟ್ ಕಳಚಿ ಚಕ್ರ ಹೊರಕ್ಕೆ ಮಡಚಿಕೊಂಡು ಬಿತ್ತು. ನಡಿಗೆಯ ವೇಗದಲ್ಲಿ ಆದದ್ದರಿಂದ ಎಲ್ಲರೂ ನಗುತ್ತ ಊಟಕ್ಕೆ ಹೋದರು. ಹಿಂದಿನ ದಿನವಷ್ಟೇ ಅದೇ ಕಾರು ಮಕ್ಕಳನ್ನು ತುಂಬಿಕೊಂಡು ಆಗುಂಬೆಯ ಘಾಟಿ ಇಳಿದಿತ್ತು. ಅದನ್ನು ನೆನೆದರೆ ನನಗೆ ನಗು ಬರುವುದಿಲ್ಲ. ತಪ್ಪು ನಿರ್ಣಯದಲ್ಲಿ ಒಳ್ಳೆಯ ಭಾಗ ಹೊರಹೋಗುವುದಷ್ಟೇ ಅಲ್ಲ, ಕೆಟ್ಟ ಭಾಗ ಒಳಗೇ ಉಳಿಯುತ್ತದೆ.

ಸವೆದ ಸಿವಿ ಕೀಲನ್ನೂ ಹಾಗೆಯೇ ಓಡಿಸುತ್ತಿರಬಹುದೆಂದು ಧೈರ್ಯ ಹೇಳುವವರಿದ್ದಾರೆ. 'ಓಡ್ತದೆ ಸಾರ್, ಇನ್ನೂ ಒಂದು ವರ್ಷ ಓಡ್ತದೆ.' ಓಡಬಹುದು. ಆದರೆ ಮುರಿದ ದಿನ ಡಿಫರೆನ್ಷಿಯಲ್ ತನ್ನ ತಿರುಗುವಿಕೆಯನ್ನೆಲ್ಲ ಆ ಮುರಿದ ಬದಿಗೇ ಸುರಿಯುತ್ತದೆ, ಎಂಜಿನ್ ಎಷ್ಟು ಕೂಗಿದರೂ ಕಾರು ಅಲುಗದು. ಇಳಿಜಾರಿನಲ್ಲಿ ಗೇರಿಗೆ ಹಾಕಿ ನಿಲ್ಲಿಸಿದ್ದರೆ ಆ ಹಿಡಿತವೂ ಇಲ್ಲ. ಸಡಿಲವಾದ ದಂಡ ಬಡಿದು ಬ್ರೇಕಿನ ನಳಿಕೆಗೆ ಏಟಾದರೆ ಹೇಳುವುದೇ ಬೇಡ.

ಬದಲಿಸಿದ ಕೆಲಸವನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಅಲ್ಲಿಯೂ ಅವಸರದವರು ಕೆಡಿಸುವ ಜಾಗಗಳಿವೆ. ಚಕ್ರ ನೆಲದ ಮೇಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿಹಿಡಿದಿರಲು, ಹಬ್ಬಿನ ದೊಡ್ಡ ನಟ್ಟನ್ನು ಸಡಿಲಿಸಿದರು. ಎತ್ತಿದ ಮೇಲೆ ಅದರೊಡನೆ ಗುದ್ದಾಡುವುದು ಕಾರನ್ನು ಮೈಮೇಲೆ ಕೆಡವಿಕೊಳ್ಳುವ ದಾರಿ. ಜ್ಯಾಕ್ ಎತ್ತುವುದಕ್ಕೆ ಮಾತ್ರ, ಹೊರುವುದಕ್ಕಲ್ಲ. ಸ್ಟ್ಯಾಂಡಿಲ್ಲದೆ ಕಾರಿನ ಕೆಳಗೆ ತಲೆಯಿಡುವ ಹುಡುಗರನ್ನು ಕಂಡರೆ ಅವರ ಕಿವಿ ಹಿಂಡಬೇಕೆನಿಸುತ್ತದೆ. ಗೇರೆಣ್ಣೆಗೆ ಪಾತ್ರೆ ಇಟ್ಟು, ಕೆಳಗಿನ ಬಾಲ್ ಜಾಯಿಂಟನ್ನು ಬಿಡಿಸಿ, ಹಬ್ಬಿನಿಂದ ದಂಡವನ್ನು ಹೊರತೆಗೆಯುವಾಗ ನೇರವಾಗಿ ಕಬ್ಬಿಣದ ಸುತ್ತಿಗೆಯಿಂದ ಹೊಡೆಯಲಿಲ್ಲ. ತಿರುಪಿನ ತುದಿ ಹೂಬಿಡದಂತೆ ನಟ್ಟನ್ನು ತುದಿಯಲ್ಲಿ ಕೂರಿಸಿ, ಮೆದು ಸುತ್ತಿಗೆಯಿಂದ ತಟ್ಟಿದರು. ದಂಡವನ್ನು ವೈಸಿಗೆ ಕಚ್ಚಿಸಿ, ಬೂಟನ್ನು ಕತ್ತರಿಸಿ, ಹಿತ್ತಾಳೆಯ ಕಡ್ಡಿಯನ್ನು ಕೀಲಿನ ಒಳತಿರುಳಿಗೆ ಆನಿಸಿ ಎರಡೇ ಏಟು. ಉಂಗುರಕ್ಲಿಪ್ಪು ಜಾರಿ ಕೀಲು ಕೈಗೆ ಬಂತು. ಒಳಗಿದ್ದ ಗ್ರೀಸು ತುಕ್ಕಿನ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಉಜ್ಜಿದರೆ ರವೆಯಂತಿತ್ತು.

ಹೊಸ ಬೂಟನ್ನು ದಂಡಕ್ಕೆ ಮೊದಲು ಏರಿಸಬೇಕು, ಆಮೇಲೆ ಕೀಲು. ಹಾಸ್ಯವೆನಿಸಬಹುದು, ಕ್ರಮ ತಪ್ಪಿ ಎಲ್ಲವನ್ನೂ ಮತ್ತೆ ಬಿಚ್ಚಿದ ಕೆಲಸಗಾರರನ್ನು ಕಂಡಿದ್ದೇನೆ. ಹೊಸ ಕ್ಲಿಪ್ಪು, ಹೊಸ ಪಟ್ಟಿ, ಹೊಸ ನಟ್ಟು. ಹಳೆಯದು ಚೆನ್ನಾಗಿಯೇ ಇದೆಯಲ್ಲ ಎಂಬ ಉಳಿತಾಯ ಇಲ್ಲಿ ಬೇಡ. ಗ್ರೀಸಿನ ವಿಷಯದಲ್ಲಿ ನಮ್ಮ ಸಣ್ಣ ಗ್ಯಾರೇಜುಗಳ ಮೇಲೂ ನನ್ನ ಆಕ್ಷೇಪಣೆಯಿದೆ. ಡಬ್ಬಿಯಲ್ಲಿ ಕಂಡ ಹಳದಿ ಗ್ರೀಸನ್ನು ಬಳಿದು ಕಳಿಸುವವರು ಬಹಳ. ಈ ಕೀಲಿಗೆ ಬೇಕಾದದ್ದು ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸು. ಹಾಳೆಯ ಮೇಲೆ ಹಾಳೆ ಜಾರುವಂಥ ಅದರ ರಚನೆಯೇ ಅಷ್ಟು ಒತ್ತಡದಲ್ಲೂ ಉಕ್ಕಿಗೆ ಉಕ್ಕು ತಾಗದಂತೆ ಕಾಪಾಡುವುದು. ಕಿಟ್ಟಿನೊಂದಿಗೆ ಬಂದ ಪೊಟ್ಟಣವನ್ನು ಪೂರ್ತಿ ತುಂಬಿ, ಬೂಟಿನೊಳಗಿನ ಗಾಳಿಯನ್ನು ಹೊರಬಿಟ್ಟು, ಪಟ್ಟಿ ಬಿಗಿದರು. ಕೊನೆಯಲ್ಲಿ ಚಕ್ರ ನೆಲಕ್ಕಿಳಿದ ಮೇಲೆ, ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಗೆ, ಟಾರ್ಕ್ ರೆಂಚಿನಿಂದ ಹಬ್ ನಟ್ಟು. 'ಅಂದಾಜಿನಲ್ಲಿ ಬಿಗಿದರೆ ಸಾಕು' ಎನ್ನುವವರ ಅಂದಾಜಿಗೆ ಬಲಿಯಾಗುವುದು ಹಬ್ ಬೇರಿಂಗು. ಕೀಲಿನ ಕಿಟ್ಟು, ಗೇರೆಣ್ಣೆ, ಕೂಲಿ ಎಲ್ಲ ಸೇರಿ 3,150 ರೂಪಾಯಿ. ಅವರು ಕೇಳಿದ್ದು ಇನ್ನೂ ಕಡಿಮೆ. ನಿರ್ಣಯಕ್ಕೆ ಕೂಲಿ ಎಲ್ಲಿ ಎಂದು ಕೇಳಿದಾಗ, ನೋಡಿದ್ದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೆ ಎಂದು ಅವರೇ ನನ್ನನ್ನು ಕೇಳಿದರು.

ಇದು ಬರಿಯ ಸಂಕೋಚದ ಮಾತಲ್ಲ, ನಮ್ಮ ಸಮಾಜದ ಲೆಕ್ಕಪತ್ರ. ಭಾಗಕ್ಕೆ ಬೆಲೆ ಇದೆ, ಬಿಲ್ಲಿನಲ್ಲಿ ಸಾಲು ಇದೆ. ಯೋಚಿಸಿದ್ದಕ್ಕೆ ಸಾಲೂ ಇಲ್ಲ, ಬೆಲೆಯೂ ಇಲ್ಲ. ಹಾಗಿರುವಾಗ ಯೋಚಿಸುವವನು ನಷ್ಟದಲ್ಲಿ, ಬದಲಿಸುವವನು ಲಾಭದಲ್ಲಿ. ದೊಡ್ಡ ಗ್ಯಾರೇಜಿನ ಆ ಹುಡುಗ ಇದನ್ನು ಚೆನ್ನಾಗಿಯೇ ಕಲಿತಿದ್ದಾನೆ.

ಪ್ರತಿವಾದವನ್ನು ಅಲ್ಲಗಳೆಯುವುದಿಲ್ಲ. ಒಳಗೀಲೂ ಹೊರಗೀಲೂ ಎರಡೂ ಸವೆದು, ದಂಡವೂ ತುಕ್ಕು ಹಿಡಿದಿದ್ದರೆ ಪೂರ್ತಿ ಆಕ್ಸಲ್ ಹಾಕುವುದೇ ವಿವೇಕ. ಗಂಟೆಯ ಕೂಲಿ ದುಬಾರಿಯಾದ ದೇಶಗಳಲ್ಲಿ ಕೀಲೊಂದನ್ನೇ ಬಿಡಿಸುತ್ತ ಕೂರುವುದು ಲಾಭದಾಯಕವಲ್ಲ. ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳು ಆ ವಾದ ಹೂಡಿದರೆ ಒಪ್ಪುತ್ತೇನೆ. ನನ್ನ ತಕರಾರು ಏನು ಬದಲಿಸಿದರು ಎಂಬುದರ ಮೇಲಲ್ಲ, ನೋಡದೆ ಬದಲಿಸಿದರು ಎಂಬುದರ ಮೇಲೆ. ಪೂರ್ತಿ ಆಕ್ಸಲ್ ಹಾಕುವವನೂ ಸರಳು ಹಾಕಿ ಮೀಟಲೇಬೇಕು.

"ಈಗ ಎಲ್ಲಕ್ಕೂ ಸ್ಕ್ಯಾನರ್ ಇದೆ ಮಾವ" ಎಂಬುದು ಸೋದರಳಿಯನ ಮುಂದಿನ ಬಾಣ. ಇದೆ. ಎಂಜಿನ್ನಿನಲ್ಲಿ ಆಮ್ಲಜನಕ ಅಳೆಯುವ ಸಂವೇದಕ ಕೆಟ್ಟರೆ ಅದು ಹೇಳುತ್ತದೆ, ಅದಕ್ಕೆ ನಮಸ್ಕಾರ. ಆದರೆ ಆರು ಗುಂಡುಗಳ ಕಾಲುವೆಯಲ್ಲಿ ಗುಳಿ ಬಿದ್ದಿದೆಯೆಂದು ಹೇಳುವ ಸಂವೇದಕ ನಮ್ಮ ಕಾರುಗಳಲ್ಲಿ ಇಲ್ಲ. ಅಲ್ಲಿ ಇಂದಿಗೂ ಕಿವಿಯೇ ಸಂವೇದಕ. ಎಲೆಕ್ಟ್ರಿಕ್ ಕಾರು ಬಂದರೆ ಇದೆಲ್ಲ ಮುಗಿಯಿತೆಂದು ಹೇಳುವವರಿಗೂ ಒಂದು ಮಾತು: ಅದರಲ್ಲಿ ಎಂಜಿನ್ ಇಲ್ಲ, ಕ್ಲಚ್ ಇಲ್ಲ, ಸೈಲೆನ್ಸರ್ ಇಲ್ಲ, ಆದರೆ ಮೋಟಾರಿನಿಂದ ಹೊರಳುವ ಚಕ್ರಕ್ಕೆ ಶಕ್ತಿ ದಾಟಿಸಲು ಇದೇ ಸಮವೇಗದ ಕೀಲು ಇದೆ, ಇದೇ ರಬ್ಬರಿನ ಬೂಟೂ ಇದೆ. ನಿಂತಲ್ಲಿಂದಲೇ ಪೂರ್ಣ ತಿರುಚುಬಲ ಕೊಡುವ ಮೋಟಾರಿನ ಹೊಡೆತವನ್ನು ತಡೆಯುವುದೂ ಅದೇ ಆರು ಗುಂಡುಗಳು.

ಕೊನೆಯದಾಗಿ ನನ್ನ ವೃತ್ತಿಬಾಂಧವರನ್ನೂ ಪೋಷಕರನ್ನೂ ಬಿಡುವ ಹಾಗಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂದರು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದು ಹೆಸರಿಟ್ಟಿತು. 2020ರ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಕುಶಲಕರ್ಮಿಗಳ ಬಳಿ ಕಲಿಯಲಿ ಎಂದಿತು. ಹೆಸರುಗಳು ಬದಲಾದವು. ನಾನು ಕಂಡ ಶಾಲೆಗಳಲ್ಲಿ ವೇಳಾಪಟ್ಟಿಯ ಆ ಪೀರಿಯಡ್ ಮಾತ್ರ ಪ್ರತಿವರ್ಷವೂ ಎಸ್ಸೆಸ್ಸೆಲ್ಸಿ ಪುನರಾವರ್ತನೆಗೆ ಆಹುತಿಯಾಯಿತು. ನಾಲ್ಕೂವರೆ ಅಡಿಯ ಬೆಂಚಿನ ಮೇಲೆ ಟಾರ್ಕಿನ ವ್ಯಾಖ್ಯೆಯನ್ನು ಉರುಹೊಡೆದ ಮಗು ಟಾರ್ಕ್ ರೆಂಚನ್ನು ಕಂಡಿಲ್ಲ. ಮನೆಯಲ್ಲಿ ತಂದೆ ಗದರಿಸುತ್ತಾನೆ: "ಸರಿಯಾಗಿ ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ ನೋಡು." ಈ ಬೆದರಿಕೆಯನ್ನು ನಾನು ಪೋಷಕರ ಸಭೆಗಳಲ್ಲಿ ಕೇಳಿ ಕೇಳಿ ಬೇಸತ್ತಿದ್ದೇನೆ. ದಡ್ಡರಿಗೆ ಮೀಸಲೆಂದು ನಾವೇ ಸಾರಿದ ಜಾಗದಲ್ಲಿ ಯೋಚಿಸುವವರು ಸಿಗಲಿಲ್ಲವೆಂದು ಆಮೇಲೆ ನಾವೇ ದೂರುತ್ತೇವೆ.

ಆ ಹಿರಿಯರ ಮಗ ತನ್ನ ಮಗನನ್ನು ಡಿಪ್ಲೊಮಾಗೆ ಸೇರಿಸಿದ್ದಾನೆ. ಹುಡುಗ ಗ್ಯಾರೇಜಿನ ಕಡೆ ತಲೆಹಾಕುವುದಿಲ್ಲವಂತೆ. ಅಜ್ಜನಿಗೆ ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಕಳಚಿದ ಹಳೆಯ ಕೀಲನ್ನು ಸೀಮೆಎಣ್ಣೆಯಲ್ಲಿ ತೊಳೆದು ನಾನು ಕೇಳಿ ತಂದಿದ್ದೇನೆ. ಕಾಲುವೆಯ ಗೋಡೆಯ ಮೇಲೆ ಉಗುರು ಎಳೆದರೆ ಮೂರು ಕಡೆ ತಡೆಯುತ್ತದೆ. ಊರಿಗೆ ಬಂದಾಗ ಮನೆಗೆ ಬನ್ನಿ, ನೋಡಬಹುದು. ಕಾರಿನಲ್ಲಿ ಬಂದರೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿಟ್ಟು ನಿಲ್ಲಿಸಿ, ಟಾರ್ಚು ನನ್ನ ಬಳಿ ಇದೆ.